ಸಿಂಹಮೀನಿನ ನೀಲಿ ಬೊಟ್ಟು

ಕೊಯಮತ್ತೂರಿಗೆ ಸಮುದ್ರ ಇಲ್ಲ. ಇದನ್ನು ನನಗೆ ಹೇಳದೇ ಬಿಟ್ಟ ಮನುಷ್ಯ ಇನ್ನೂ ಸಿಕ್ಕಿಲ್ಲ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರಾದರೂ "ಏನು ಕೆಲಸ ಮಾಡ್ತೀರಿ" ಅಂತ ಕೇಳ್ತಾರೆ. "ಕಾಲೇಜಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡ್ತೀನಿ, ಸಮುದ್ರದ ವಿಷಮೀನುಗಳಲ್ಲಿ ಯಾವುದು ಯಾವ ಜಾತಿ ಅಂತ ವಿಂಗಡಿಸ್ತೀನಿ" ಅಂತ ನಾನು ಅಂದರೆ ಸಾಕು, "ಇಲ್ಲಿ ಸಮುದ್ರ ಎಲ್ಲಿದೆ?" ಅನ್ನುವ ಪ್ರಶ್ನೆ ಬಂದೇಬಿಡುತ್ತೆ. ಸಮುದ್ರ ಇಲ್ಲಪ್ಪಾ, ನನಗೂ ಗೊತ್ತು. ಆದರೆ ಉಕ್ಕಡದಲ್ಲಿ ಮೀನು ಮಾರ್ಕೆಟ್ ಇದೆ. ಪೂರ್ವದ ಕಡಲಿಂದಲೂ ಪಶ್ಚಿಮದ ಕಡಲಿಂದಲೂ ಐಸ್ ಪೆಟ್ಟಿಗೆಗಳು ಬಂದು ಅಲ್ಲಿ ಇಳಿಯುತ್ತವೆ. ಯಾರಿಗೂ ಬೇಡದೆ ಬಲೆಗೆ ಬಿದ್ದ ಮೀನೂ ಅವುಗಳ ಜೊತೆ ಬರುತ್ತೆ. ಅದರ ಮುಳ್ಳು ಚುಚ್ಚಿದರೆ ಮೊಣಕೈವರೆಗೂ ಬೆಂಕಿ. ವ್ಯಾಪಾರಿಗಳು ಅಂಥದ್ದನ್ನು ಒಂದು ಡಬ್ಬಕ್ಕೆ ಎಸೆದು ನನಗೆ ಫೋನ್ ಮಾಡ್ತಾರೆ. "ಟೀಚರ್, ಉಂಗ ಮೀನು ವಂದಿರುಕ್ಕು." ನಿಮ್ಮ ಮೀನು ಬಂದಿದೆ ಅಂತ. ಮನೆಗೆ ನೆಂಟರು ಬಂದ ಹಾಗೆ ಹೇಳ್ತಾರೆ.

ನನ್ನ ನೆಂಟರು ಅಂದರೆ ಸಿಂಹಮೀನುಗಳು. ಮೈತುಂಬಾ ಪಟ್ಟೆ, ಎರಡು ಪಕ್ಕಕ್ಕೂ ಬಿಚ್ಚಿಕೊಂಡ ರೆಕ್ಕೆ, ಬೆನ್ನ ಮೇಲೆ ಸಾಲಾಗಿ ಹದಿಮೂರು ಮುಳ್ಳು, ಮುಳ್ಳಿನ ಉದ್ದಕ್ಕೂ ವಿಷ. ನೋಡೋಕೆ ಎಲ್ಲವೂ ಒಂದೇ ಥರ ಇರುತ್ತವೆ. ಸತ್ತ ಮೇಲಂತೂ ಕೇಳಲೇಬೇಡಿ. ಎರಡು ಜಾತಿಗಳನ್ನು ಬೇರೆ ಮಾಡಬೇಕಾದರೆ ಮುಳ್ಳುಗಳ ಹಿಂದೆ ಇರುವ ಮೆತ್ತನೆ ಕಡ್ಡಿಗಳನ್ನು ಎಣಿಸಬೇಕು. ಬೆನ್ನಿನ ರೆಕ್ಕೆಯಲ್ಲಿ ಒಂದು ಜಾತಿಗೆ ಸಾಧಾರಣವಾಗಿ ಹತ್ತು, ಅದರ ಅವಳಿಯಂತಿರುವ ಇನ್ನೊಂದಕ್ಕೆ ಹನ್ನೊಂದು. ಹೊಟ್ಟೆಯ ಕೆಳಗಿನ ರೆಕ್ಕೆಯಲ್ಲಿ ಮೊದಲನೆಯದಕ್ಕೆ ಆರು, ಎರಡನೆಯದಕ್ಕೆ ಏಳು. ಅಷ್ಟೇ ವ್ಯತ್ಯಾಸ. ಕೊನೆಯ ಕಡ್ಡಿ ಬುಡದಲ್ಲೇ ಸೀಳಿಕೊಂಡಿರುತ್ತೆ, ಅದನ್ನು ಎರಡು ಅಂತ ಎಣಿಸಿದಿರೋ, ಮೀನು ಜಾತಿ ಬದಲಾಯಿಸಿ ಬೇರೆ ಸಾಗರಕ್ಕೆ ಹೊರಟುಹೋಗುತ್ತೆ. ಹಾಗೆ ಹೊರಟುಹೋದ ಮೀನುಗಳನ್ನು ವಾಪಸ್ ಕರೆದುಕೊಂಡು ಬರೋದರಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ನಾನು ಬರೀತಿದ್ದದ್ದು ಒಂದು ಗುರುತಿನ ಕೈಪಿಡಿ. ಪ್ರತಿ ಹೆಜ್ಜೆಗೂ ಒಂದು ಪ್ರಶ್ನೆ. ಹೌದಾದರೆ ಈ ಕಡೆ, ಇಲ್ಲವಾದರೆ ಆ ಕಡೆ. ಹೀಗೆ ನಡೆದು ಕೊನೆಗೆ ಒಂದು ಹೆಸರಿನ ಹತ್ತಿರ ನಿಲ್ಲೋದು.

ಈ ಕೆಲಸದಲ್ಲಿ ಬಣ್ಣದ್ದೇ ದೊಡ್ಡ ರಗಳೆ. ಫಾರ್ಮಲಿನ್‌ಗೆ ಹಾಕಿದ ಮೀನು ಕೆಲವೇ ದಿನದಲ್ಲಿ ಕೆಂಪೆಲ್ಲ ಕಳೆದುಕೊಂಡು ರಾಗಿ ಗಂಜಿಯ ಬಣ್ಣಕ್ಕೆ ಬರುತ್ತೆ. ಆದ್ದರಿಂದ ತಾಜಾ ಇರುವಾಗಲೇ ಬಣ್ಣ ಬರೆದುಕೊಂಡುಬಿಡಬೇಕು. ಫೋನಲ್ಲಿ ಫೋಟೋ ತೆಗೆದರೆ ಆಗಲ್ವಾ ಅಂತೀರಾ? ತೆಗೀತೀನಿ. ನನ್ನ ಫೋನಲ್ಲಿ ಕೆಂಪಾಗಿರೋದು ಇನ್ನೊಬ್ಬರ ಫೋನಲ್ಲಿ ಕಂದು. ಅದಕ್ಕೇ ನಾನು ಅಣ್ಣನನ್ನು ಹಿಡಿದುಕೊಂಡೆ.

ನಮ್ಮದು ನೇಯ್ಗೆಯವರ ಮನೆತನ. ಎಷ್ಟೋ ತಲೆಮಾರಿನ ಹಿಂದೆ ಈ ಕಡೆ ಬಂದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಮನೆಯೊಳಗಿನ ಕನ್ನಡದಲ್ಲೂ ಅರ್ಧ ತಮಿಳೇ. ಮೈಸೂರಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಹುಡುಗಿಯರು ನನ್ನ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಹಟಕ್ಕೇ ಕನ್ನಡ ಅಕ್ಷರ ಕಲಿತೆ. ಅಣ್ಣನಿಗೆ ಕನ್ನಡ ಓದೋಕೆ ಬರಲ್ಲ. ಹಾಗಾಗಿ ಅವನ ಬಗ್ಗೆ ಇಲ್ಲಿ ನಾನು ಏನು ಬೇಕಾದರೂ ಬರೀಬಹುದು.

ಅಣ್ಣ ತಿರುಪ್ಪೂರಿನ ಒಂದು ಸಾಯಪಟ್ಟರೆಯಲ್ಲಿ, ಅಂದರೆ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ, ಡೈಯಿಂಗ್ ಮಾಸ್ಟರ್. ಗಿರಾಕಿ ಕಳಿಸಿದ ಮಾದರಿ ತುಂಡು, ಇವರು ಬಣ್ಣ ಹಾಕಿದ ತುಂಡು, ಎರಡನ್ನೂ ಲೈಟ್ ಬಾಕ್ಸ್ ಒಳಗೆ ಪಕ್ಕಪಕ್ಕ ಇಟ್ಟು ನೋಡಿ "ಓಕೆ" ಅನ್ನೋದು ಅವನ ಕೆಲಸ. ಬಣ್ಣ ಅಳೆಯೋಕೆ ಕಂಪ್ಯೂಟರ್ ಬಂದು ಬಹಳ ವರ್ಷ ಆಯಿತು. ಆದರೂ ಕೊನೆಯ ಮಾತು ಅಣ್ಣನ ಕಣ್ಣಿನದೇ. ಅವನು ಓಕೆ ಅನ್ನದೆ ಒಂದು ಲಾಟೂ ಗೇಟು ದಾಟಲ್ಲ. ಅದರ ಜಂಬ ಅವನಿಗೆ ಸ್ವಲ್ಪ ಜಾಸ್ತಿಯೇ ಇದೆ.

ಭಾನುವಾರ ಬೆಳಿಗ್ಗೆ ನಾನು ಉಕ್ಕಡದಿಂದ ಐಸ್ ಡಬ್ಬ ತಗೊಂಡು ನೇರ ಅವಿನಾಶಿಗೆ, ಅಣ್ಣನ ಮನೆಗೆ ಹೋಗ್ತಿದ್ದೆ. ನಮ್ಮದು ಮೀನು ತಿನ್ನದ ಮನೆ, ಒಳಗೆ ಬಿಡೋ ಮಾತೇ ಇಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಒಂದು ಹಳೇ ಟೇಬಲ್ ಹಾಕಿಕೊಂಡಿದ್ದೆವು. ಮುಳ್ಳು ತಾಗದ ಹಾಗೆ ನಾನು ಇಕ್ಕಳದಲ್ಲಿ ರೆಕ್ಕೆ ಬಿಡಿಸಿ ಹಿಡೀತಿದ್ದೆ. ಅಣ್ಣ ಪಟ್ಟರೆಯ ಶೇಡ್ ಕಾರ್ಡ್ ತಂದು ಒಂದೊಂದೇ ಬಣ್ಣದ ಪಟ್ಟಿಯನ್ನು ಮೀನಿನ ಪಕ್ಕ ಇಟ್ಟು ನೋಡ್ತಿದ್ದ. ಅವನ ಬಾಯಲ್ಲಿ ಬರೋದೆಲ್ಲ ಸೀರೆ ಅಂಗಡಿಯ ಹೆಸರುಗಳು. ಪಟ್ಟೆ ಅರಕ್ಕು, ಅಂದರೆ ಅರಗಿನ ಕೆಂಪು. ಮಧ್ಯದ ಗೆರೆ ಚಂದನ. ಬಾಯಿಯ ಹತ್ತಿರ ಸ್ವಲ್ಪ ಮಾಂಬಳ, ಅಂದರೆ ಮಾವಿನಹಣ್ಣಿನ ಬಣ್ಣ. ನಾನು ಅದನ್ನೆಲ್ಲ ಶಾಸ್ತ್ರದ ಭಾಷೆಗೆ ತಿರುಗಿಸಿ ಬರೆದುಕೊಳ್ಳುತ್ತಿದ್ದೆ.

ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದುಕೊಂಡು, "ತಿನ್ನೋರ ಮನೇಲೂ ಮೀನನ್ನ ಇಷ್ಟೊತ್ತು ನೋಡಲ್ಲಮ್ಮಾ" ಅನ್ನೋರು. "ನೋಡಿ ಮುಗಿದ ಮೇಲೆ ಇಬ್ಬರೂ ಸ್ನಾನ ಮಾಡದೆ ಒಳಗೆ ಕಾಲಿಟ್ಟರೆ ನೋಡಿ."

ಮೊದಲ ವರ್ಷ ಒಂದು ತಮಾಷೆ ಆಯಿತು. ಕಡಲೂರಿನಲ್ಲಿ ಇದೇ ಮೀನುಗಳ ಮೇಲೆ ಕೆಲಸ ಮಾಡುವ ಗೆಳತಿಗೆ ನನ್ನ ಬಣ್ಣದ ವಿವರಣೆಗಳನ್ನು ಕಳಿಸಿದ್ದೆ. ಅವಳು ಫೋನ್ ಮಾಡಿ, "ಏನೇ ಇದು, ನಿಮ್ಮೂರಿಗೆ ಬರೋ ಮೀನನ್ನೆಲ್ಲ ಸೋಪು ಹಾಕಿ ಒಗೆದು ಕಳಿಸ್ತಾರಾ? ಎಲ್ಲಾ ಮಾಸಲು" ಅಂದಳು. ನನಗೆ ತಲೆ ಕೆಟ್ಟುಹೋಯಿತು. ಮುಂದಿನ ಭಾನುವಾರ ಅಣ್ಣನ ಪಕ್ಕದಲ್ಲೇ ಕೂತು ನೋಡಿದೆ. ಪಟ್ಟೆಗೆ ಸರಿಯಾಗಿ ಹೊಂದುವ ಪಟ್ಟಿ ಅವನ ಬೆರಳಿಗೆ ಸಿಕ್ಕಿತು. ಅದನ್ನು ಬಿಟ್ಟು ಅದರ ಪಕ್ಕದ ತಿಳಿ ಬಣ್ಣದ್ದನ್ನು ತೆಗೆದು ನನ್ನ ಕೈಗೆ ಕೊಟ್ಟ.

"ಅಣ್ಣಾ, ಮೀನು ಇದಕ್ಕಿಂತ ಗಾಢ ಇದೆಯಲ್ಲ?"

"ಹೌದು, ಇದೆ."

"ಮತ್ಯಾಕೆ ತಿಳೀದು ಕೊಟ್ಟೆ?"

ಅಣ್ಣ ನನ್ನನ್ನು ದಡ್ಡಿ ಅನ್ನೋ ಹಾಗೆ ನೋಡಿದ. "ಒದ್ದೆಯಾಗಿದೆಯಲ್ಲ ಅಮ್ಮಣಿ? ಒದ್ದೆ ಬಟ್ಟೆ ಯಾವಾಗ್ಲೂ ಗಾಢ ಕಾಣುತ್ತೆ. ಒಣಗಿದ ಮೇಲೆ ಇಷ್ಟಕ್ಕೆ ಇಳಿಯುತ್ತೆ. ಒಣಗಿದ ಬಣ್ಣ ತಾನೇ ಬಣ್ಣ?"

ಮೀನು ಒಣಗೋದು ಕರುವಾಡು, ಅಂದರೆ ಒಣಮೀನು, ಆದಾಗ ಅಣ್ಣಾ, ಅಂದೆ. ಒಳಗಿಂದ ಅತ್ತಿಗೆ ನಕ್ಕ ಸದ್ದು ಕೇಳಿಸಿತು. ಒಂದು ವರ್ಷ ಪೂರ್ತಿ ಅವನು ನನ್ನ ಸಿಂಹಮೀನುಗಳನ್ನೆಲ್ಲ ಹಗ್ಗದ ಮೇಲೆ ಒಣಗಿಸಿ, ಇಸ್ತ್ರಿ ಹಾಕಿ ನೋಡಿದ್ದ, ಮನಸ್ಸಿನಲ್ಲೇ. ಬಣ್ಣದ ಪಟ್ಟರೆಯವನಲ್ಲದೆ ಇನ್ಯಾರೂ ಈ ತಪ್ಪು ಮಾಡೋಕೆ ಸಾಧ್ಯವಿಲ್ಲ. ಎಷ್ಟು ಹೇಳಿದರೂ ಆ ಅಭ್ಯಾಸ ಅವನ ಕೈಬಿಡಲಿಲ್ಲ. ಕೊನೆಗೆ ನಾನೇ ಅವನು ಕೊಟ್ಟ ಪಟ್ಟಿಗಿಂತ ಒಂದು ಮೆಟ್ಟಿಲು ಗಾಢವಾದದ್ದನ್ನು ಬರೆದುಕೊಳ್ಳೋಕೆ ಶುರು ಮಾಡಿದೆ. ಹೀಗೆ ಚೆನ್ನಾಗಿಯೇ ನಡೀತು.

ಇದರಿಂದ ಆದ ತೊಂದರೆ ಏನು ಅಂದರೆ, ಆಮೇಲಾಮೇಲೆ ಅಣ್ಣ ಬಣ್ಣ ತಪ್ಪು ಹೇಳಿದಾಗಲೆಲ್ಲ ನಾನು ಅದನ್ನು ಒದ್ದೆ ಬಟ್ಟೆಯ ಲೆಕ್ಕಕ್ಕೇ ಹಾಕಿಬಿಡ್ತಿದ್ದೆ. ಒಂದು ಸಲ ಅಪ್ಪಟ ಬಿಳಿ ಗೆರೆಯನ್ನು ಚಂದನ ಅಂದ. ಇನ್ನೊಂದು ಸಲ ನಸುಹಳದಿ ಚುಕ್ಕೆ ಅವನಿಗೆ ಕಾಣಲೇ ಇಲ್ಲ. ಒಣಗಿಸ್ತಿದಾನೆ ಪುಣ್ಯಾತ್ಮ, ಅಂದುಕೊಂಡು ನಾನು ತಿದ್ದಿಕೊಂಡೆ.

ಕೈಪಿಡಿಯಲ್ಲಿ ಒಂದು ಹೆಜ್ಜೆ ಮಾತ್ರ ನನಗೆ ಬಹಳ ದಿನ ಬಾಕಿ ಉಳಿದಿತ್ತು. ಸಿಂಹಮೀನುಗಳಲ್ಲಿ ಕಣ್ಣಿನ ಮೇಲೆ ಉದ್ದನೆಯ ಪಟ್ಟೆಪಟ್ಟೆ ಮೀಸೆ ಇರುವ ಒಂದು ಜಾತಿ ಇದೆ. ಅದರ ಪಕ್ಕದ ರೆಕ್ಕೆಯ ಕಡ್ಡಿಗಳು ಬಿಳಿ ನೂಲಿನ ಹಾಗೆ ಉದ್ದಕ್ಕೆ ಚಾಚಿಕೊಂಡಿರುತ್ತವೆ, ಆ ರೆಕ್ಕೆಯ ಬುಡದ ಪೊರೆಯಲ್ಲಿ ನೀಲಿ ಛಾಯೆಯ ಬೊಟ್ಟುಗಳು. ಸತ್ತ ಮೀನಿನಲ್ಲಿ ಆ ನೀಲಿ ನಿಲ್ಲೋದಿಲ್ಲ, ಉಕ್ಕಡಕ್ಕೆ ಬರುವಷ್ಟರಲ್ಲಿ ಮಸಿಯಾಗಿರುತ್ತೆ. ಹತ್ತಿರದ ದಾಯಾದಿ ಜಾತಿಗೂ ಬೊಟ್ಟು ಉಂಟು. ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಬೇಕಾದರೆ ಜೀವಂತ ಮೀನಿನ ಬಣ್ಣ ಬೇಕಿತ್ತು. ಶರವಣಂಪಟ್ಟಿಯಲ್ಲಿ ಕಡಲ ಮೀನಿನ ಅಕ್ವೇರಿಯಂ ಅಂಗಡಿಯೊಂದಕ್ಕೆ ಅಂಥದ್ದೊಂದು ಬಂದಿದೆ ಅಂತ ಗೊತ್ತಾಗಿದ್ದೇ ತಡ, ಅಣ್ಣನನ್ನು ಎಳೆದುಕೊಂಡು ಹೋದೆ.

ತೊಟ್ಟಿಯ ಮೇಲೆ ನೀಲಿ ದೀಪ ಉರೀತಿತ್ತು. "ಇದನ್ನ ಆರಿಸಿ ಬಿಳಿ ದೀಪ ಹಾಕಪ್ಪಾ, ಈ ದೀಪದಲ್ಲಿ ಬಣ್ಣ ನೋಡಿದರೆ ಪಾಪ ಬರುತ್ತೆ" ಅಂತ ಅಣ್ಣ ಅಂಗಡಿಯವನಿಗೆ ದಬಾಯಿಸಿದ. ದೀಪ ಬದಲಾಯಿತು. ಮೀನು ಕಲ್ಲಿನ ಸಂದಿಯಿಂದ ನಿಧಾನವಾಗಿ ಹೊರಗೆ ಬಂದು ರೆಕ್ಕೆ ಬಿಚ್ಚಿತು. ಆಹಾ, ಏನು ಚೆಂದ! ಬೊಟ್ಟುಗಳು ಎದ್ದು ಕಾಣ್ತಿದ್ದವು. ನಾನು ಬರೆಯೋಕೆ ಪೆನ್ನು ಹಿಡಿದುಕೊಂಡು, "ಹೇಳಣ್ಣಾ, ಬೊಟ್ಟು ಏನು ಬಣ್ಣ?" ಅಂದೆ.

ಅಣ್ಣ ಬಗ್ಗಿ ನೋಡಿದ. ಶೇಡ್ ಕಾರ್ಡ್ ತಿರುವಿದ. ಒಂದು ಪಟ್ಟಿ ಆರಿಸಿ ಗಾಜಿಗೆ ಹಿಡಿದ.

"ಕಪ್ಪು."

ಅಂಗಡಿಯವನು ನಕ್ಕುಬಿಟ್ಟ. "ಏನುಂಗಣ್ಣಾ, ತಮಾಷೆ ಮಾಡ್ತೀರಾ? ಆ ನೀಲಿಗೋಸ್ಕರ ತಾನೇ ಜನ ಈ ಮೀನು ಕೇಳ್ಕೊಂಡು ಬರೋದು."

ಒದ್ದೆಯ ಲೆಕ್ಕ ಇಲ್ಲಿ ನಡೆಯಲ್ಲ. ನೀಲಿ ಎಷ್ಟೇ ಒಣಗಿದರೂ ಕಪ್ಪಾಗಲ್ಲ. ಅಣ್ಣ ನನ್ನ ಕಡೆ ತಿರುಗಿದ. ಆ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಸಿಕ್ಕಿಬಿದ್ದವನ ಮುಖ ಅದು. ಬಣ್ಣದ ಪಟ್ಟಿಯನ್ನು ಕಾರ್ಡಿಗೆ ಸೇರಿಸಿ, "ಹೋಗೋಣ ನಡಿ" ಅಂದ.

ಹೊರಗೆ ಬೇಕರಿಯಲ್ಲಿ ಟೀ ಹೇಳಿದೆ.

"ಎಷ್ಟು ದಿನದಿಂದ ಅಣ್ಣಾ?"

"ನೀಲಿ ಹೋಗಿ ಬಹಳ ದಿನ ಆಯ್ತು. ಮೊದಲು ನೇವಿ ಬ್ಲೂ, ಕಪ್ಪು ಎರಡೂ ಒಂದೇ ಆಯ್ತು. ಆಮೇಲೆ ಬಿಳಿ, ಚಂದನ. ಕಣ್ಣಿಗೆ ಪೊರೆ ಬಂದಿದೆ ಅಂತ ನನಗೇ ಗೊತ್ತು. ನಮ್ಮ ಜೊತೆ ಇದ್ದ ಇನ್ನೊಬ್ಬ ಮಾಸ್ಟರ್‌ಗೂ ಹೀಗೇ ಆಗಿತ್ತು."

"ಗೊತ್ತಿದ್ದೂ ಡಾಕ್ಟರ ಹತ್ತಿರ ಹೋಗಲಿಲ್ವಾ? ನಿನಗೇನು ತಲೆ ಸರಿ ಇದೆಯಾ? ಕಣ್ಣಾಸ್ಪತ್ರೆಗೆ ಊರೂರಿಂದ ಜನ ಕೊಯಮತ್ತೂರಿಗೆ ಬರ್ತಾರೆ, ನೀನು ಪಕ್ಕದಲ್ಲೇ ಇದ್ದುಕೊಂಡು..." ನಾನು ಜೋರಾಗಿಯೇ ಕೂಗಾಡಿದೆ. ಪಕ್ಕದ ಟೇಬಲಿನವರು ತಿರುಗಿ ನೋಡಿದರು.

"ಆ ಮಾಸ್ಟರು ಆಪರೇಷನ್ ಮಾಡಿಸ್ಕೊಂಡು ಬಂದು ಏನಂದ ಗೊತ್ತಾ? ಎಲ್ಲಾ ಬಣ್ಣವೂ ಬೇರೆಯಾಗಿ ಕಾಣ್ತಿದೆ ಅಂದ. ಒಂದು ತಿಂಗಳಿಗೆ ಕೆಲಸ ಬಿಟ್ಟ. ನನ್ನ ತಲೇಲಿ ಇರೋ ಬಣ್ಣ ಅಷ್ಟೂ ಈ ಕಣ್ಣಲ್ಲಿ ನೋಡಿದ್ದು ಅಮ್ಮಣಿ. ಹೊಸ ಲೆನ್ಸಲ್ಲಿ ಕೆಂಪು ಬೇರೆ ಕೆಂಪಾದರೆ? ಈಗಾದರೆ ನೀಲಿ ಒಂದೇ ಹೋಗಿದೆ. ಆಗ ಎಲ್ಲಾ ಹೋಗುತ್ತೆ."

"ಪಟ್ಟರೆಯಲ್ಲಿ ಗೊತ್ತಾದರೆ?"

"ಗೊತ್ತಾಗಿಲ್ಲ. ನಾನು ಓಕೆ ಮಾಡಿದ್ದು ಇವತ್ತಿನವರೆಗೂ ಒಂದೂ ವಾಪಸ್ ಬಂದಿಲ್ಲ." ಅದನ್ನು ಹೇಳುವಾಗ ಹಳೇ ಜಂಬ ಒಂದು ಗಳಿಗೆ ಬಂದುಹೋಯಿತು. ಆಮೇಲೆ ಟೀ ಲೋಟ ಕೆಳಗಿಟ್ಟ. "ನಿನ್ನ ಮೀನಿಗಾದರೆ ಬಣ್ಣ ಹೋದರೆ ಮುಳ್ಳು ಎಣಿಸ್ತೀಯ, ಕಡ್ಡಿ ಎಣಿಸ್ತೀಯ, ಅದು ಯಾವುದು ಅಂತ ಹೇಳಿಬಿಡ್ತೀಯ. ನನ್ನಲ್ಲಿ ಬಣ್ಣ ಹೋದರೆ ಏನನ್ನ ಎಣಿಸ್ತೀಯ?"

ಅತ್ತಿಗೆಗೆ ಹೇಳಬಾರದು ಅಂತ ಮಾತು ತಗೊಂಡ. ಕೊಟ್ಟೆ. ಅವತ್ತೇ ಸಂಜೆ ಅತ್ತಿಗೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಂಥ ಮಾತನ್ನು ಉಳಿಸಿಕೊಳ್ಳೋಕೆ ನನಗೇನು ಹುಚ್ಚೇ?

ಅತ್ತಿಗೆ ಅಳಲಿಲ್ಲ, ಜಗಳ ಆಡಲಿಲ್ಲ. "ಹಾಗಾದರೆ ಕರ್ಕೊಂಡು ಹೋಗೋದು ಹೇಗೆ ಅಂತ ಯೋಚಿಸೋಣ" ಅಂದರು, ಅಷ್ಟೇ. ಎರಡು ದಿನ ಬಿಟ್ಟು ತಮಗೇ ಕಣ್ಣು ಮಂಜು, ದಾರ ಸೂಜಿಗೆ ಹೋಗ್ತಿಲ್ಲ ಅಂತ ಶುರು ಮಾಡಿದರು. ಸಾಂಬಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದರಂತೆ. ಅಣ್ಣ ಗಾಬರಿಯಾಗಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಬಂದ, ನಾನೂ ಜೊತೆಗೆ ಸೇರಿಕೊಂಡೆ. ಒಳಗೆ ಹೋದ ಮೇಲೆ ಅತ್ತಿಗೆ ಕುರ್ಚಿಯಿಂದ ಎದ್ದು, "ನನ್ನದಲ್ಲ ಡಾಕ್ಟರಮ್ಮಾ, ಇವರದು ನೋಡಿ" ಅಂದರು. ಅಣ್ಣ ನನ್ನನ್ನು ನೋಡಿದ ನೋಟಕ್ಕೆ ಸಿಂಹಮೀನಿನ ಮುಳ್ಳೇ ವಾಸಿ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎರಡು ಕಣ್ಣಲ್ಲೂ ಪೊರೆ ಕಂದಾಗಿ ಬಲಿತಿದೆ, ಇನ್ನು ಕಾಯಬಾರದು ಅಂದರು. ಅಣ್ಣ ಕೇಳಿದ ಪ್ರಶ್ನೆ ಒಂದೇ. "ಹೊಸ ಲೆನ್ಸಲ್ಲಿ ಬಣ್ಣ ಬದಲಾಗುತ್ತಾ?"

"ಮೊದಮೊದಲು ನೀಲಿ ಜಾಸ್ತಿ ಕಾಣುತ್ತೆ. ಹೋಗ್ತಾ ಹೋಗ್ತಾ ಒಗ್ಗಿಹೋಗುತ್ತೆ."

"ಜಾಸ್ತಿ ಅಂದರೆ ಎಷ್ಟು ಪರ್ಸೆಂಟು?"

ಡಾಕ್ಟರಿಗೆ ನಗು ಬಂತು. ಅಣ್ಣ ನಗಲಿಲ್ಲ. ಆ ಪ್ರಶ್ನೆಯನ್ನು ಅವನು ದಿನಾ ಕೇಳುವವನು, ಅದಕ್ಕೆ ಉತ್ತರ ಇಲ್ಲದೆ ಒಂದು ಬಟ್ಟೆಯನ್ನೂ ನೀರಿಗೆ ಇಳಿಸದವನು.

ಮನೆಗೆ ಬಂದು ಮೂರು ದಿನ ಮುಖ ಊದಿಸಿಕೊಂಡು ಕೂತ. ನಾಲ್ಕನೇ ದಿನ ನನಗೆ ಫೋನ್ ಮಾಡಿ ಷರತ್ತು ಹಾಕಿದ. ಒಂದು ಕಣ್ಣು ಮಾತ್ರ. ಪಟ್ಟರೆಯಲ್ಲಿ ಮಾದರಿ ತುಂಡನ್ನು ಯಾವತ್ತೂ ಪೂರ್ತಿ ಕತ್ತರಿಸಿ ಉಪಯೋಗಿಸಲ್ಲ, ಅರ್ಧ ಹಾಗೇ ಎತ್ತಿಡ್ತಾರೆ. ಹೊಸದು ಎಷ್ಟು ಸರಿದಿದೆ ಅಂತ ಹಳೇದರ ಪಕ್ಕ ಇಟ್ಟು ನೋಡೋಕೆ. "ಬಲಗಣ್ಣು ಕೊಡ್ತೀನಿ. ಎಡಗಣ್ಣು ಮುಟ್ಟಬಾರದು. ಅದು ಸ್ಟ್ಯಾಂಡರ್ಡ್" ಅಂದ. ಕಣ್ಣನ್ನೂ ಲಾಟಿನ ಲೆಕ್ಕದಲ್ಲೇ ನೋಡ್ತಾನಲ್ಲ ಅಂತ ನನಗೆ ನಗುವೂ ಬಂತು, ಸಂಕಟವೂ ಆಯಿತು. ಸದ್ಯ ಒಂದಾದರೂ ಆಗಲಿ ಅಂತ ಒಪ್ಪಿಕೊಂಡೆವು.

ಆಪರೇಷನ್ ಸಲೀಸಾಗಿ ಆಯಿತು. ಕಟ್ಟು ಬಿಚ್ಚಿದ ಮೇಲೆ ಜಗುಲಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡೋದು, ಇನ್ನೊಂದು ಮುಚ್ಚಿ ನೋಡೋದು, ಇದೇ ಅವನ ಕೆಲಸವಾಯಿತು. ಅತ್ತಿಗೆ ಕಾಫಿ ತಂದುಕೊಟ್ಟರೆ ಅವರ ಸೀರೆಯನ್ನೇ ದಿಟ್ಟಿಸಿದ.

"ಇದು ಹಸಿರಲ್ವಾ? ದೀಪಾವಳಿಗೆ ನಾನೇ ಆರಿಸಿ ತಂದದ್ದು?"

"ನೀವು ಹಸಿರು ಅಂದಿರಿ. ನಾನು ನೀಲಿ ಸೀರೆ ಉಟ್ಟುಕೊಂಡೆ" ಅಂದರು ಅತ್ತಿಗೆ. "ಪೊರೆ ಅಂತ ನನಗೇನು ಗೊತ್ತು? ದಿನಾ ಬಣ್ಣ ನೋಡಿ ನೋಡಿ ಮನೇಲಿ ನೋಡೋಕೆ ಬೇಜಾರು ಅಂದುಕೊಂಡೆ."

ನಾನು ಅವನನ್ನು ಮತ್ತೆ ಆ ಅಂಗಡಿಗೆ ಕರೆದುಕೊಂಡು ಹೋದೆ. ಮೀಸೆಯ ಮೀನು ಇನ್ನೂ ಇತ್ತು. ಬಿಳಿ ದೀಪ ಹಾಕಿಸಿಕೊಂಡು ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. "ನೀಲಿನೇ" ಅಂದ. ಶೇಡ್ ಕಾರ್ಡಿನಿಂದ ಪಟ್ಟಿ ತೆಗೆದು ಗಾಜಿಗೆ ಹಿಡಿದ. ನಾನು ಮೊದಲೇ ಆರಿಸಿಟ್ಟುಕೊಂಡಿದ್ದ ಪಟ್ಟಿಗಿಂತ ಒಂದು ಮೆಟ್ಟಿಲು ತಿಳಿ. ಒಣಗಿಸಿಬಿಟ್ಟಿದ್ದ ಮಹಾರಾಯ! ನನಗೆ ಅಲ್ಲೇ ಕುಣಿದುಬಿಡೋಣ ಅನ್ನಿಸಿತು. ಆ ಹೆಜ್ಜೆಯನ್ನು ಕೈಪಿಡಿಯಲ್ಲಿ ಅವತ್ತೇ ಬರೆದು ಮುಗಿಸಿದೆ.

ಆದರೆ ಅಣ್ಣನಿಗೆ ಸಂತೋಷವಾದ ಹಾಗೆ ಕಾಣಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ, "ಲೋಕ ಎಲ್ಲಾ ನೀಲಿ ಕಡೆ ವಾಲಿದೆ" ಅಂದ. "ಈ ಕಣ್ಣು ಹೇಳೋದು ನಿಜವೋ, ಆ ಕಣ್ಣು ಹೇಳೋದು ನಿಜವೋ, ಯಾರನ್ನ ಕೇಳೋದು? ಇನ್ನೊಂದೂ ಹೋದರೆ ಕೇಳೋಕೂ ಯಾರೂ ಇರಲ್ಲ."

"ಮಾಸ್ಟರೇ, ನಿನ್ನ ಕೆಲಸ ಬಣ್ಣ ಹೊಂದಿಸೋದು. ಎರಡು ತುಂಡನ್ನೂ ಒಂದೇ ಕಣ್ಣಲ್ಲಿ ನೋಡಿದರೆ ಸಾಕಲ್ಲ? ನೀಲಿ ಕಡೆ ವಾಲಿದರೆ ಎರಡೂ ವಾಲುತ್ತೆ. ನಾನೂ ಹಾಗೇ ತಾನೇ ಮಾಡೋದು? ಫಾರ್ಮಲಿನ್ ಮೀನನ್ನ ಫಾರ್ಮಲಿನ್ ಮೀನಿನ ಪಕ್ಕ ಇಡ್ತೀನಿ, ತಾಜಾ ಮೀನನ್ನ ತಾಜಾ ಮೀನಿನ ಪಕ್ಕ."

ಎರಡನೇ ಕಣ್ಣಿಗೆ ಡಾಕ್ಟರು ದಿನ ಕೊಟ್ಟಿದ್ದರು. ಅಣ್ಣ ಹೋಗಲ್ಲ ಅಂದುಬಿಟ್ಟ. ಅತ್ತಿಗೆಯ ಉಪ್ಪು ಸಕ್ಕರೆ ನಾಟಕ ಎರಡನೇ ಸಲ ನಡೆಯುವ ಹಾಗಿರಲಿಲ್ಲ. ಒಂದು ಕಣ್ಣಿಗೆ ಲೋಕ ಕಂದು, ಇನ್ನೊಂದಕ್ಕೆ ನೀಲಿ, ಹೀಗೇ ಕೆಲಸಕ್ಕೆ ಹೋದರೆ ಮೊದಲಿಗಿಂತ ಗೊಂದಲ. ಲೈಟ್ ಬಾಕ್ಸ್ ಮುಂದೆ ಒಂದು ಸಲ ತಡವರಿಸಿದರೂ ಸಾಕು, ಕೊನೆಯ ಮಾತು ಅವನ ಕೈಯಿಂದ ಹೋಗಿಬಿಡುತ್ತೆ. ಆ ಮಾತು ಬಿಟ್ಟರೆ ಅವನ ಹತ್ತಿರ ಬೇರೆ ಏನೂ ಇಲ್ಲ ಅಂತ ಅವನೇ ಹೇಳಿದ್ದ.

ಅವನು ಕೆಲಸಕ್ಕೆ ವಾಪಸ್ ಹೋದ ಮೊದಲ ದಿನ ನಾನೇ ಕಾರಿನಲ್ಲಿ ಬಿಟ್ಟೆ. ಕಣ್ಣಿಗೆ ಡ್ರಾಪ್ಸ್ ಹಾಕೋಕೆ ಅತ್ತಿಗೆ ನನ್ನನ್ನು ಕಾವಲಿಗೆ ಕಳಿಸಿದ್ದರು. ಪಟ್ಟರೆಯೊಳಗೆ ಹಬೆ, ಡ್ರಮ್ಮು, ಕಾಲಿಟ್ಟಲ್ಲೆಲ್ಲ ಒದ್ದೆ ನೆಲ. ಬಣ್ಣ ತೂಗಿ ಕಲಸುವ ಕೋಣೆಗೆ ಅಲ್ಲಿ ಕಲರ್ ಕಿಚನ್ ಅಂತಾರೆ. ಅದರ ಮೂಲೆಯಲ್ಲೇ ಲೈಟ್ ಬಾಕ್ಸ್. ಕಿಚನ್ ನೋಡಿಕೊಳ್ಳುವವನು ಐವತ್ತರ ಹತ್ತಿರದ ಮನುಷ್ಯ, ಅಣ್ಣನ ಕೈಕೆಳಗೇ ವರ್ಷಗಟ್ಟಲೆ ದುಡಿದವನು. ತೂಕದ ಟೇಬಲಿನ ಹತ್ತಿರ ಇಬ್ಬರು ಹೆಂಗಸರು ಬಣ್ಣದ ಪುಡಿ ತೂಗ್ತಿದ್ದರು. ಎಲ್ಲರೂ ಬಂದು ಕಣ್ಣು ಹೇಗಿದೆ ಅಂತ ವಿಚಾರಿಸಿದರು. ಅಣ್ಣ ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿ, ಲೈಟ್ ಬಾಕ್ಸ್ ಮುಂದೆ ನಿಂತು, "ತಗೊಂಡು ಬಾ" ಅಂದ.

ಆ ಮನುಷ್ಯ ಮೂರು ತುಂಡು ತಂದ. ಮೊದಲನೆಯದನ್ನು ಮುಂದೆ ಹಿಡಿದು, "ನೀಲಂಗಣ್ಣಾ" ಅಂದ. ನೀಲಿ ಅಣ್ಣಾ ಅಂತ. ನಮ್ಮ ಕಡೆ ಮರ್ಯಾದೆಗೆ ಮಾತಿನ ಕೊನೆಗೊಂದು 'ಂಗ' ಸೇರಿಸ್ತಾರೆ. "ಮೊದಲ ಸಲ ಕೊಂಚ ಕೆಂಪಿಗೆ ತಿರುಗಿತ್ತು, ಮತ್ತೆ ಹಾಕಿ ಸರಿ ಮಾಡಿದೆ. ಈಗ ಮಾದರಿಗೆ ಸರಿ ಇದೆ. ಇದು ನೇವಿಂಗಣ್ಣಾ. ಇದು ಕರುಪ್ಪು."

ತುಂಡು ತಗೊಳ್ಳೋಕೆ ಚಾಚಿದ ಅಣ್ಣನ ಕೈ ಅಲ್ಲೇ ನಿಂತಿತು. ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ಮೂರು ತುಂಡನ್ನೂ ನೋಡಿದ. ಆಮೇಲೆ ಬಲಗಣ್ಣು ಮುಚ್ಚಿ ನೋಡಿದ. ಕೊನೆಗೆ ಕೈ ತೆಗೆದು ಆ ಮನುಷ್ಯನ ಮುಖ ನೋಡಿದ.

"ನೀಲಿ ಅಂತ ನನಗೇ ಕಾಣ್ತಿದೆಯಲ್ಲಪ್ಪಾ. ನೀನು ಯಾಕೆ ಹೇಳ್ತೀಯಾ?"

ಅವನು ಕೈಲಿದ್ದ ತುಂಡುಗಳ ಅಂಚು ಸರಿ ಮಾಡಿದ.

"ಎಷ್ಟು ದಿನದಿಂದ ಹೇಳ್ತಾ ಇದೀಯಾ?"

ತೂಕದ ಟೇಬಲಿನ ಹತ್ತಿರ ಹೆಂಗಸರ ಕೈ ನಿಂತುಹೋಯಿತು. ಒಬ್ಬಳು ಗೋಡೆಯ ಕಡೆ ತಿರುಗಿಕೊಂಡಳು. ಆ ಮನುಷ್ಯ ನೆಲ ನೋಡಿಕೊಂಡು, "ಪಳಕ್ಕಂಗಣ್ಣಾ" ಅಂದ. ಅಭ್ಯಾಸ ಆಗಿಬಿಟ್ಟಿದೆ ಅಂತ.

ಯಾಕೆ ಒಂದು ಲಾಟೂ ವಾಪಸ್ ಬಂದಿರಲಿಲ್ಲ ಅಂತ ನನಗೆ ಆಗ ಅರ್ಥವಾಯಿತು. ಅಣ್ಣನಿಗೂ ಆಯಿತು. ನೀಲಿ ತುಂಡನ್ನು ಅವನು ನೋಡುವ ಮುಂಚೆಯೇ ಇವರು ನೋಡಿ, ತಪ್ಪಿದ್ದರೆ ಮತ್ತೆ ಬಣ್ಣ ಹಾಕಿ, ಸರಿಯಾದ ಮೇಲೆ ಹೆಸರು ಹೇಳಿ ಅವನ ಕೈಗೆ ಕೊಡ್ತಿದ್ದರು. ಕೊನೆಯ ಮಾತನ್ನು ಮಾತ್ರ ಅವನಿಗೇ ಬಿಟ್ಟಿದ್ದರು. ಅಷ್ಟು ದಿನವೂ ಅವರಲ್ಲಿ ಒಬ್ಬರೂ ಹೊರಗೆ ಉಸಿರು ಬಿಟ್ಟಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಹಬೆಗೆ ಕಣ್ಣು ಉರೀತಿದೆ ಅನ್ನೋ ಹಾಗೆ ಒರೆಸಿಕೊಂಡೆ.

ಅಣ್ಣ ರೇಗುತ್ತಾನೆ ಅಂದುಕೊಂಡೆ. ರೇಗಲಿಲ್ಲ. ನೀಲಿ ತುಂಡನ್ನು ಮಾದರಿಯ ಪಕ್ಕ ಇಟ್ಟು, ಹೊಸ ಕಣ್ಣಲ್ಲಿ ನೋಡಿ, "ಓಕೆ" ಅಂದ. ಆಮೇಲೆ ತಿರುಗದೆಯೇ ಹೇಳಿದ:

"ಇನ್ನೊಂದು ಕಣ್ಣು ಬಾಕಿ ಇದೆಯಪ್ಪಾ. ಅದರ ಆಪರೇಷನ್ನೂ ಆಗೋವರೆಗೂ ಹೇಳ್ತಾ ಇರು."

ಹೇಳಿ, ನೇವಿ ತುಂಡಿಗೆ ಕೈ ಚಾಚಿದ.